ಕಡಲಾಮೆಯ ತೀರದಲ್ಲಿ

ಬಸವಕಲ್ಯಾಣ ಮತ್ತು ಹುಮನಾಬಾದ ಕಡಲಿನಿಂದ ಬಹುದೂರದಲ್ಲಿರುವ ಊರುಗಳು. ತೊಗರಿಯ ಹೊಲಗಳ ನಡುವೆ ಬೆಳೆದ ಇಲ್ಲಿಯ ಅನೇಕ ಮಕ್ಕಳು ಕಡಲನ್ನು ಚಿತ್ರಗಳಲ್ಲಿ ಮಾತ್ರ ಕಂಡಿದ್ದಾರೆ. ಆದರೂ ಈ ನೆಲಕ್ಕೂ ಕಡಲಿಗೂ ನಂಟಿದೆ. ಬಸವಕಲ್ಯಾಣ ತಾಲ್ಲೂಕಿನ ಚುಳಕಿ ನಾಲೆಯ ನೀರು ಮಾಂಜ್ರಾ ನದಿಯನ್ನು ಸೇರಿ, ಗೋದಾವರಿಯೊಡನೆ ಬಂಗಾಳ ಕೊಲ್ಲಿಗೆ ಹರಿಯುತ್ತದೆ. ಮುಲ್ಲಾಮಾರಿಯ ನೀರು ಕಾಗಿಣಾ, ಭೀಮಾ, ಕೃಷ್ಣಾ ನದಿಗಳ ಮೂಲಕ ಅದೇ ಕಡಲನ್ನು ಮುಟ್ಟುತ್ತದೆ. ಹುಮನಾಬಾದವನ್ನು ಹಾದುಹೋಗುವ 65ನೆಯ ರಾಷ್ಟ್ರೀಯ ಹೆದ್ದಾರಿಯೂ ಮಚಲೀಪಟ್ಟಣದ ಕರಾವಳಿಯಲ್ಲಿ ಕೊನೆಗೊಳ್ಳುತ್ತದೆ.

ಆ ಕರಾವಳಿಯ ಮರಳಿಗೆ ಪ್ರತಿವರ್ಷವೂ ಅಪೂರ್ವ ಅತಿಥಿಗಳು ಬರುತ್ತಾರೆ. ಅವರೇ ಆಲಿವ್ ರಿಡ್ಲೆ ಎಂಬ ಕಡಲಾಮೆಗಳು. ಕಾಕಿನಾಡದ ಬಳಿಯ ಹೋಪ್ ದ್ವೀಪದಲ್ಲಿಯೂ, ನಮ್ಮ ರಾಜ್ಯದ ಹೊನ್ನಾವರ, ಕುಂದಾಪುರಗಳ ತೀರಗಳಲ್ಲಿಯೂ ಇವು ಮೊಟ್ಟೆಯಿಡುತ್ತವೆ. ಒಡಿಶಾದ ಗಹಿರಮಾಥಾ ತೀರಕ್ಕೆ ಇವು ಸಾವಿರ ಸಾವಿರ ಸಂಖ್ಯೆಯಲ್ಲಿ ಒಟ್ಟಾಗಿ ಬರುವುದುಂಟು.

ಹೆಣ್ಣಾಮೆ ಇರುಳಿನಲ್ಲಿ ಮೆಲ್ಲಮೆಲ್ಲನೆ ದಡವನ್ನೇರುತ್ತದೆ. ಹಿಂಗಾಲುಗಳಿಂದ ಸುಮಾರು ಒಂದೂವರೆ ಅಡಿ ಆಳದ ಗುಳಿಯನ್ನು ತೋಡಿ, ನೂರರಷ್ಟು ಮೊಟ್ಟೆಗಳನ್ನಿಡುತ್ತದೆ. ಆಗ ಅದರ ಕಣ್ಣುಗಳಿಂದ ನೀರು ಸುರಿಯುವುದನ್ನು ಕಂಡವರು ಅದು ಅಳುತ್ತಿದೆಯೆಂದು ಭಾವಿಸುತ್ತಾರೆ. ವಾಸ್ತವವಾಗಿ ಅದು ದೇಹದಲ್ಲಿ ಹೆಚ್ಚಾದ ಉಪ್ಪನ್ನು ಹೊರಹಾಕುವ ಬಗೆ. ಗುಳಿಯನ್ನು ಮರಳಿನಿಂದ ಮುಚ್ಚಿ ತಾಯಿ ಕಡಲಿಗೆ ಮರಳುತ್ತದೆ. ತನ್ನ ಮರಿಗಳನ್ನು ಅದು ನೋಡುವುದೇ ಇಲ್ಲ. 45ರಿಂದ 60 ದಿನಗಳವರೆಗೆ ಮೊಟ್ಟೆಗಳಿಗೆ ಕಾವು ಕೊಡುವುದು ಮರಳಿನ ಬಿಸಿಯೇ. ಮರಿ ಹೆಣ್ಣೋ ಗಂಡೋ ಎಂಬುದನ್ನೂ ಆ ಬಿಸಿಯೇ ನಿರ್ಧರಿಸುತ್ತದೆ. ಮರಳು ಹೆಚ್ಚು ಬಿಸಿಯಾದಲ್ಲಿ ಹೆಣ್ಣುಮರಿಗಳೇ ಹೆಚ್ಚು.

ಇಂಥ ಜೀವಿಯನ್ನು ಹತ್ತಿರದಿಂದ ಕಾಣಬೇಕೆಂಬ ಆಸೆ ಸಹಜವಾದುದು. ಆದರೆ ಆ ಆಸೆಯೇ ಅದಕ್ಕೆ ಕಂಟಕವಾಗಬಾರದು. ದಡವೇರುತ್ತಿರುವ ಆಮೆಯ ಮೇಲೆ ದೀಪದ ಬೆಳಕು ಬಿದ್ದರೆ ಅದು ಮೊಟ್ಟೆಯಿಡದೆಯೇ ಹಿಂದಿರುಗಬಹುದು. ಮರಿಗಳು ಇರುಳಿನಲ್ಲಿ ಹೊಳೆಯುವ ಕಡಲಂಚನ್ನು ಗುರಿಯಾಗಿಟ್ಟುಕೊಂಡು ಸಾಗುತ್ತವೆ. ರಸ್ತೆಯ ದೀಪಗಳಿಗೆ ಮರುಳಾದರೆ ದಾರಿತಪ್ಪಿ ಸಾಯುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಇವುಗಳ ಬೇಟೆಯನ್ನೂ, ಮೊಟ್ಟೆಗಳನ್ನು ಒಯ್ಯುವುದನ್ನೂ ನಿಷೇಧಿಸಿದೆ.

ಹಾಗಾದರೆ ನೋಡಲು ದಾರಿಯೇ ಇಲ್ಲವೇ? ಇದೆ. ಚೆನ್ನೈನಲ್ಲಿ 1988ರಲ್ಲಿ ವಿದ್ಯಾರ್ಥಿಗಳು ಕಡಲಾಮೆಗಳ ರಕ್ಷಣೆಗಾಗಿ ಒಂದು ಸಂಘವನ್ನು ಕಟ್ಟಿದರು. ಅವರು ಇರುಳಿನಲ್ಲಿ ತೀರದುದ್ದಕ್ಕೂ ನಡೆದು, ಅಪಾಯದಲ್ಲಿರುವ ಮೊಟ್ಟೆಗಳನ್ನು ಬೇಲಿಯೊಳಗೆ ಹೂಳುತ್ತಾರೆ. ಮರಿಗಳಾದ ಮೇಲೆ ಕಡಲಿಗೆ ಬಿಡುತ್ತಾರೆ. ಆಸಕ್ತರನ್ನೂ ಈ ನಡಿಗೆಗೆ ಕರೆದೊಯ್ಯುತ್ತಾರೆ. ಅಲ್ಲಿ ಪ್ರೇಕ್ಷಕನು ಮೌನವಾಗಿ ದೂರ ನಿಲ್ಲುತ್ತಾನೆ. ಮುಟ್ಟದೆ ನೋಡುವುದೇ ಅಲ್ಲಿಯ ನಿಯಮ.

ಕಡಲಿಗೆ ಹೋಗದವರಿಗೂ ಒಂದು ಹೊಣೆಯಿದೆ. ಹಳ್ಳಕ್ಕೆ ಎಸೆದ ಪ್ಲಾಸ್ಟಿಕ್ ಚೀಲವು ಮಳೆನೀರಿನೊಡನೆ ನದಿಗೂ, ನದಿಯಿಂದ ಕಡಲಿಗೂ ಸಾಗಬಲ್ಲುದು. ಅದನ್ನು ಅಂಬಲಿ ಮೀನೆಂದು ಬಗೆದು ನುಂಗಿದ ಆಮೆಗೆ ಪ್ರಾಣಾಪಾಯ. ದಯೆಯನ್ನು ಬೋಧಿಸಿದ ಶರಣರ ಈ ನಾಡಿನಲ್ಲಿ, ಕಾಣದ ಜೀವಿಯ ಮೇಲೂ ಕರುಣೆ ತೋರುವುದು ಎಲ್ಲರ ಕರ್ತವ್ಯ.

ಪ್ರಶ್ನೆಗಳು
1. ಬಸವಕಲ್ಯಾಣದ ನೆಲಕ್ಕೂ ಕಡಲಿಗೂ ಇರುವ ನಂಟು ಯಾವುದು?
2. ಕಡಲಾಮೆಗೆ ದೀಪದ ಬೆಳಕಿನಿಂದ ಆಗುವ ಹಾನಿಯನ್ನು ವಿವರಿಸಿರಿ.
3. ‘ಮುಟ್ಟದೆ ನೋಡುವುದೇ ಅಲ್ಲಿಯ ನಿಯಮ’ – ಈ ಮಾತನ್ನು ಸಮರ್ಥಿಸಿರಿ.