ಮೈನಸ್ ಏಳರ ಚೀಲದಲ್ಲೂ ಚಳಿ ಯಾಕೆ?

ಸ್ಲೀಪಿಂಗ್ ಬ್ಯಾಗ್ ಬಿಸಿ ಮಾಡುವುದಿಲ್ಲ. ಅದರೊಳಗೆ ಇರುವ ಒಂದೇ ಒಂದು ಹೀಟರ್ ಅಂದ್ರೆ ಮಲಗಿರುವ ಮನುಷ್ಯ. ನಿದ್ದೆಯಲ್ಲಿ ಆ ಹೀಟರ್‌ನ ಸಾಮರ್ಥ್ಯ ಸುಮಾರು 70 ವ್ಯಾಟ್. ಹಾಸ್ಟೆಲ್ ರೂಮಿನಲ್ಲಿ ತಿರುಗುವ ಹಳೇ ಸೀಲಿಂಗ್ ಫ್ಯಾನ್ ಎಳೆಯುವಷ್ಟೇ ಕರೆಂಟು! ಹೊರಗೆ ಹಿಮ ಬೀಳುತ್ತಿರುವಾಗ ಇಷ್ಟೇ ಇಷ್ಟು ಶಾಖವನ್ನು ಬೆಳಗಿನವರೆಗೆ ಹಿಡಿದಿಟ್ಟುಕೊಳ್ಳುವುದು ಹೇಗೆ ಅನ್ನುವುದೇ ಚೀಲ ಆರಿಸುವವರ ಮುಂದಿರುವ ಪ್ರಶ್ನೆ. ಹೀಟ್ ಟ್ರಾನ್ಸ್‌ಫರ್ ಪೇಪರ್ ಬರೆದವರಿಗೆ ಇದು ಐದು ಮಾರ್ಕಿನ ಲೆಕ್ಕ. ಆದರೂ ಅಂಗಡಿಗೆ ಹೋದಾಗ ನಾವು ನೋಡುವುದು ಬಣ್ಣ, ಬೆಲೆ, ಮತ್ತೆ ಚೀಲದ ಮೇಲೆ ದಪ್ಪಕ್ಷರದಲ್ಲಿ ಬರೆದ ಒಂದು ನಂಬರ್.

ಈ ಲೆಕ್ಕವನ್ನು ತುಂಬಾ ಕಟ್ಟುನಿಟ್ಟಾಗಿ ಮಾಡಬೇಕಾದವರು ಅಮೆರಿಕದ ರಾಕಿ ಪರ್ವತಗಳಿಗೆ ಎಲ್ಕ್ ಬೇಟೆಗೆ ಹೋಗುವವರು. ಎಲ್ಕ್ ಅಂದ್ರೆ ನಮ್ಮ ಕಡವೆಯ ದೂರದ ದಾಯಾದಿ, ಗಾತ್ರದಲ್ಲಿ ಅದಕ್ಕಿಂತ ದೊಡ್ಡದು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ಅಲ್ಲಿ ಲೈಸೆನ್ಸ್ ಪಡೆದು, ಗೊತ್ತಾದ ಸೀಸನ್ನಿನಲ್ಲಿ ಹೋಗುತ್ತಾರೆ. ಕೊಲೊರಾಡೊದಲ್ಲಿ ಬಿಲ್ಲು ಬಾಣದ ಸೀಸನ್ ಸೆಪ್ಟೆಂಬರಿನಲ್ಲಿ, ಬಂದೂಕಿನದ್ದು ಅಕ್ಟೋಬರ್, ನವೆಂಬರಿನಲ್ಲಿ. ಬೇಟೆ ಸರಿಯೋ ತಪ್ಪೋ ಅನ್ನುವ ಚರ್ಚೆ ಇಲ್ಲಿ ಬೇಡ. ನಮಗೆ ಬೇಕಾಗಿರುವುದು ಅವರು ಬೆನ್ನ ಮೇಲೆ ಹೊತ್ತು ತರುವ ಚೀಲ. ಡಿಸೆಂಬರ್ ರಜೆಯಲ್ಲಿ ಕೇದಾರಕಂಠಕ್ಕೆ ಹೊರಡುವವರಿಗೂ ಅದೇ ಲೆಕ್ಕ.

ಬೇಟೆಗಾರರ ಪರಿಸ್ಥಿತಿ ಯಾಕೆ ಕಷ್ಟದ್ದು ಅಂದ್ರೆ, ರಸ್ತೆ ಬಿಟ್ಟು ದೂರ ನಡೆದು, ಮೂರು ಸಾವಿರ ಮೀಟರ್ ಆಸುಪಾಸಿನಲ್ಲಿ ಐದಾರು ದಿನ ಟೆಂಟ್ ಹಾಕಿಕೊಂಡು ಇರುತ್ತಾರೆ. ಬೆಳಗಿನ ಜಾವ ಕತ್ತಲಲ್ಲೇ ಎದ್ದು ಏರು ಹತ್ತಿ ಬೆವರುತ್ತಾರೆ. ಆಮೇಲೆ ಬೈನಾಕ್ಯುಲರ್ ಹಿಡಿದು ಗಂಟೆಗಟ್ಟಲೆ ಅಲುಗಾಡದೆ ಕೂರುತ್ತಾರೆ. ಬೆವರು ಮೈಯಲ್ಲೇ ತಣ್ಣಗಾಗುತ್ತದೆ. ರಾತ್ರಿ ಚೀಲಕ್ಕೆ ಬರುವುದು ಒದ್ದೆ ಬಟ್ಟೆ, ಖಾಲಿಯಾದ ಮೈ. ಪ್ರಾಣಿ ಸಿಕ್ಕಿತು ಅನ್ನಿ, ಕಷ್ಟ ಇನ್ನೂ ಹೆಚ್ಚು. ಮೂಳೆ ತೆಗೆದ ಮೇಲೂ ದೊಡ್ಡ ಗಂಡು ಎಲ್ಕ್‌ನಿಂದ 80–90 ಕಿಲೋ ಮಾಂಸ ಉಳಿಯಬಹುದು. ತಿನ್ನಲು ಯೋಗ್ಯವಾದ ಮಾಂಸವನ್ನು ಬಿಟ್ಟು ಬಂದರೆ ಕೊಲೊರಾಡೊದಲ್ಲಿ ಅದು ಅಪರಾಧ. ಹಾಗಾಗಿ ಚೀಲ ಹಗುರಾಗಿಯೂ ಇರಬೇಕು, ಸುಸ್ತಾದ ಮೈಗೆ ಸಾಕಾಗುವಷ್ಟು ದಪ್ಪವಾಗಿಯೂ ಇರಬೇಕು. ಚಳಿಯಲ್ಲಿ ನಿದ್ದೆಗೆಟ್ಟು ನಡುಗಿದವನಿಗೆ ಮಾರನೇ ದಿನ ಕೈ ಬೆರಳು ಮಾತು ಕೇಳುವುದಿಲ್ಲ, ನಿರ್ಧಾರ ದಾರಿ ತಪ್ಪುತ್ತದೆ. ದೇಹದೊಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಹೈಪೊಥರ್ಮಿಯಾ. ಜಾರುವ ಇಳಿಜಾರಿನಲ್ಲಿ, ಕೈಯಲ್ಲಿ ಬಂದೂಕು ಹಿಡಿದು, ಆ ಸ್ಥಿತಿ ತಲುಪಬಾರದು.

ಈಗ ಲೆಕ್ಕಕ್ಕೆ ಬರೋಣ. 70 ವ್ಯಾಟ್‌ನಲ್ಲಿ ಸುಮಾರು 15 ವ್ಯಾಟ್ ಉಸಿರಿನಲ್ಲಿ, ಚರ್ಮದಿಂದ ಆವಿಯಾಗುವ ನೀರಿನಲ್ಲಿ ಹೋಗುತ್ತದೆ. ಉಳಿದ 55 ವ್ಯಾಟ್ ಚೀಲದ ಗೋಡೆ ದಾಟಿ ಹೊರಗೆ ಹೋಗುತ್ತದೆ ಅನ್ನೋಣ. ಚರ್ಮದ ಉಷ್ಣತೆ 33 ಡಿಗ್ರಿ, ಚೀಲದ ವಿಸ್ತೀರ್ಣ 1.8 ಚದರ ಮೀಟರ್. ಬೇಕಾದ ಥರ್ಮಲ್ ರೆಸಿಸ್ಟೆನ್ಸ್ = ಉಷ್ಣತೆಯ ವ್ಯತ್ಯಾಸ × ವಿಸ್ತೀರ್ಣ ÷ 55. ಹೊರಗೆ ಸೊನ್ನೆ ಡಿಗ್ರಿ ಇದ್ದರೆ ಉತ್ತರ 1.08. ಮೈನಸ್ 7 ಆದರೆ 1.31. ಮೈನಸ್ 18 ಆದರೆ 1.67. (ಈ ವಿಚಿತ್ರ ಸಂಖ್ಯೆಗಳು ಎಲ್ಲಿಂದ ಬಂದವು ಅಂತ ತಲೆ ಕೆಡಿಸಿಕೊಳ್ಳಬೇಡಿ. ಅಮೆರಿಕದವರ 20 ಮತ್ತು 0 ಫ್ಯಾರನ್‌ಹೀಟ್ ನಮ್ಮ ಲೆಕ್ಕದಲ್ಲಿ ಹೀಗಾಗುತ್ತವೆ.)

ಇದಕ್ಕೆ ಎಷ್ಟು ದಪ್ಪ ಬೇಕು? ಅಲುಗಾಡದ ಗಾಳಿಯ ಕಂಡಕ್ಟಿವಿಟಿ ಮೀಟರಿಗೆ, ಡಿಗ್ರಿಗೆ ಸುಮಾರು 0.025 ವ್ಯಾಟ್. ಚೀಲದೊಳಗಿನ ಪುಕ್ಕ ಅಥವಾ ನೂಲು ಮಾಡುವ ಕೆಲಸ ಇಷ್ಟೇ, ಗಾಳಿಯನ್ನು ಅಲುಗಾಡದಂತೆ ಹಿಡಿದಿಡುವುದು. ಹೊಲಿಗೆ, ಜಿಪ್, ವಿಕಿರಣ ಎಲ್ಲ ಸೇರಿಸಿ 0.04 ಅಂತ ಹಿಡಿದರೆ ಸೊನ್ನೆ ಡಿಗ್ರಿಗೆ 4.3 ಸೆಂಟಿಮೀಟರ್, ಮೈನಸ್ 7ಕ್ಕೆ 5.2, ಮೈನಸ್ 18ಕ್ಕೆ 6.7 ದಪ್ಪ ಬೇಕು. ನಿಮ್ಮನ್ನು ಬೆಚ್ಚಗಿಡುವುದು ಈ ದಪ್ಪ. ಬ್ರ್ಯಾಂಡ್ ಅಲ್ಲ, ತೂಕವೂ ಅಲ್ಲ.

ಅಂಗಡಿಯವರು ಹೇಳದ ವಿಷಯ ಇನ್ನು ಮುಂದಿದೆ. ಮೇಲಿನ ಲೆಕ್ಕದಲ್ಲಿ ಚೀಲ ಸುತ್ತಲೂ ಒಂದೇ ದಪ್ಪ ಅಂದುಕೊಂಡೆವು. ನಿಜದಲ್ಲಿ ಬೆನ್ನ ಕೆಳಗಿನ ಪುಕ್ಕ ನಮ್ಮ ಭಾರಕ್ಕೆ ಚಪ್ಪಟೆಯಾಗಿ ಗಾಳಿಯೆಲ್ಲ ಹೊರಗೆ ಹೋಗಿರುತ್ತದೆ. ಅಲ್ಲಿ ಕೆಲಸ ಮಾಡುವುದು ಮ್ಯಾಟ್ ಮಾತ್ರ. ಮ್ಯಾಟ್‌ಗಳ ಮೇಲೆ ಆರ್-ವ್ಯಾಲ್ಯೂ ಅಂತ ಬರೆದಿರುತ್ತದೆ. ಅದು ಅಮೆರಿಕದ ಯೂನಿಟ್. 0.176ರಿಂದ ಗುಣಿಸಿದರೆ ನಮ್ಮ ಎಸ್‌ಐ ಯೂನಿಟ್ಟಿಗೆ ಬರುತ್ತದೆ. ತೆಳು ಫೋಮ್ ಮ್ಯಾಟ್‌ನ ಆರ್-ವ್ಯಾಲ್ಯೂ ಸುಮಾರು 2, ಅಂದ್ರೆ 0.35. ಬೆನ್ನು ನೆಲಕ್ಕೆ ತಾಗುವ ಜಾಗ 0.4 ಚದರ ಮೀಟರ್, ನೆಲ ಸೊನ್ನೆ ಡಿಗ್ರಿ ಅಂದುಕೊಳ್ಳಿ. 33 × 0.4 ÷ 0.35 = ಸುಮಾರು 38 ವ್ಯಾಟ್. ಇದ್ದ 55ರಲ್ಲಿ 38 ನೆಲಕ್ಕೇ ಹೋಯ್ತು! ಉಳಿದ 17 ವ್ಯಾಟ್‌ನಲ್ಲಿ ಮೈನಸ್ 7 ಡಿಗ್ರಿಯ ಗಾಳಿಯನ್ನು ತಡೆಯಬೇಕಾದರೆ ಮೇಲ್ಭಾಗ 13 ಸೆಂಟಿಮೀಟರ್ ದಪ್ಪ ಇರಬೇಕಾಗುತ್ತದೆ. ಅಂಥ ಚೀಲ ಹೊತ್ತುಕೊಂಡು ಯಾರು ಬೆಟ್ಟ ಹತ್ತುತ್ತಾರೆ?

ಅದೇ ಜಾಗದಲ್ಲಿ ಆರ್-ವ್ಯಾಲ್ಯೂ 5 ಇರುವ ಮ್ಯಾಟ್ ಹಾಕಿ. ನೆಲಕ್ಕೆ ಹೋಗುವುದು 15 ವ್ಯಾಟ್. ಮೇಲಿನ ದಪ್ಪ 5.6 ಸೆಂಟಿಮೀಟರ್ ಆದರೆ ಸಾಕು. ಮ್ಯಾಟ್‌ಗಳು ಸೀರೀಸ್ ರೆಸಿಸ್ಟರ್ ಇದ್ದ ಹಾಗೆ, ಒಂದರ ಮೇಲೊಂದು ಹಾಕಿದರೆ ಆರ್-ವ್ಯಾಲ್ಯೂ ಕೂಡುತ್ತದೆ. 2ರ ಫೋಮ್ ಮೇಲೆ 3ರ ಗಾಳಿ ಮ್ಯಾಟ್ ಹಾಕಿದರೆ 5. ಗಾಳಿ ಮ್ಯಾಟ್ ಮುಳ್ಳು ಚುಚ್ಚಿ ಪಂಕ್ಚರ್ ಆದರೂ ಫೋಮ್ ಕೈ ಬಿಡುವುದಿಲ್ಲ. ಅದಕ್ಕೇ ಚಳಿಗಾಲದಲ್ಲಿ ಎರಡನ್ನೂ ಒಯ್ಯುವ ರೂಢಿ. ದುಬಾರಿ ಚೀಲಕ್ಕೆ ದುಡ್ಡು ಸುರಿದು ಮ್ಯಾಟ್‌ನಲ್ಲಿ ಉಳಿಸುವುದು ನನ್ನ ಪ್ರಕಾರ ಅತಿ ಕೆಟ್ಟ ಉಳಿತಾಯ.

ಇನ್ನು ಚೀಲದ ಮೇಲಿನ ನಂಬರ್. 2002ರಲ್ಲಿ ಯುರೋಪಿನಲ್ಲಿ ಇಎನ್ 13537 ಎಂಬ ಪರೀಕ್ಷಾ ಮಾನದಂಡ ಬಂತು. ಈಗ ಅದರ ಜಾಗದಲ್ಲಿ ಐಎಸ್‌ಒ 23537 ಇದೆ. ಬಿಸಿ ಮಾಡಿದ, ಮೈತುಂಬ ಸೆನ್ಸರ್ ಇರುವ ಮನುಷ್ಯಾಕಾರದ ಬೊಂಬೆಗೆ ಒಳಉಡುಪು ತೊಡಿಸಿ, ಕೆಳಗೆ ಶಾಖ ತಡೆಯುವ ಮ್ಯಾಟ್ ಹಾಸಿ, ತಣ್ಣನೆ ಕೋಣೆಯಲ್ಲಿ ಮಲಗಿಸಿ ಅಳೆಯುತ್ತಾರೆ. ಅಲ್ಲಿಂದ ಮೂರು ಮುಖ್ಯ ಉಷ್ಣತೆಗಳು ಬರುತ್ತವೆ. ಕಂಫರ್ಟ್ ಅಂದ್ರೆ 60 ಕಿಲೋ ತೂಕದ ಮಹಿಳೆ ಆರಾಮಾಗಿ ಮಲಗಬಹುದಾದ ಮಟ್ಟ. ಲಿಮಿಟ್ ಅಂದ್ರೆ 73 ಕಿಲೋ ತೂಕದ ಗಂಡಸು ಮುದುಡಿಕೊಂಡು ಎಂಟು ಗಂಟೆ ಎಚ್ಚರವಾಗದೆ ಕಳೆಯಬಹುದಾದ ಮಟ್ಟ. ಎಕ್ಸ್‌ಟ್ರೀಮ್ ಅಂದ್ರೆ ನಿದ್ದೆಯ ಮಾತೇ ಇಲ್ಲ, ಆರು ಗಂಟೆ ಜೀವ ಉಳಿದೀತು ಅಷ್ಟೆ. ಆ ಮೂರನೆಯದನ್ನು ನೋಡಿ ಚೀಲ ಕೊಳ್ಳಲೇಬೇಡಿ.

ಹಲವು ಕಂಪನಿಗಳು ದಪ್ಪಕ್ಷರದಲ್ಲಿ ಹಾಕುವುದು ಲಿಮಿಟ್ ನಂಬರ್. ಮೈನಸ್ 7 ಅಂತ ಬರೆದ ಚೀಲದ ಕಂಫರ್ಟ್ ಸಾಮಾನ್ಯವಾಗಿ ಮೈನಸ್ 1ರ ಹತ್ತಿರ ಇರುತ್ತದೆ. ನಮ್ಮ ಕ್ಲಾಸಿನ ಹುಡುಗಿಯರು, ಸಣಕಲು ಹುಡುಗರು, ಬೇಗ ಚಳಿ ಹತ್ತುವವರು ಓದಬೇಕಾದದ್ದು ಕಂಫರ್ಟ್ ನಂಬರನ್ನೇ. ದಿನವಿಡೀ ದುಡಿದು, ಅರೆಹೊಟ್ಟೆಯಲ್ಲಿ ಮಲಗುವ ಬೇಟೆಗಾರನೂ ಅಷ್ಟೇ. ಲ್ಯಾಬಿನ ಬೊಂಬೆಗೆ ಸುಸ್ತಾಗುವುದಿಲ್ಲ, ಅದು ಊಟ ಬಿಡುವುದಿಲ್ಲ, ಒದ್ದೆ ಸಾಕ್ಸ್ ಹಾಕುವುದಿಲ್ಲ. ಹೋಗುವ ಜಾಗದ ಕನಿಷ್ಠ ಉಷ್ಣತೆ ತಿಳಿದುಕೊಂಡು, ಅದಕ್ಕಿಂತ ಐದು ಡಿಗ್ರಿ ಕೆಳಗಿನ ಕಂಫರ್ಟ್ ಇರುವ ಚೀಲ ಹುಡುಕುವುದು ಒಳ್ಳೇದು. ಸೇತುವೆ ಡಿಸೈನಿಗೆ ಸೇಫ್ಟಿ ಫ್ಯಾಕ್ಟರ್ ಹಾಕುವ ನಾವು ಮೈಗೆ ಯಾಕೆ ಹಾಕಬಾರದು?

ಪುಕ್ಕವೋ ಸಿಂಥೆಟಿಕ್ಕೋ ಅನ್ನುವ ಜಗಳ ಹಳೆಯದು. ಬಾತು, ಹೆಬ್ಬಾತುಗಳ ಎದೆಯ ನವಿರು ಪುಕ್ಕಕ್ಕೆ ಡೌನ್ ಅನ್ನುತ್ತಾರೆ. 28 ಗ್ರಾಂ ಪುಕ್ಕ ಎಷ್ಟು ಘನ ಇಂಚು ಜಾಗ ತುಂಬುತ್ತದೆ ಅನ್ನುವುದೇ ಅದರ ಫಿಲ್ ಪವರ್. 800ರ ಪುಕ್ಕವಾದರೆ ಒಂದು ಹಿಡಿಯಷ್ಟು ತೂಕಕ್ಕೆ 13 ಲೀಟರ್ ಜಾಗ. ಅದೇ ಜಾಗ ತುಂಬಲು 550ರ ಪುಕ್ಕವಾದರೆ ತೂಕ ಶೇ 45ರಷ್ಟು ಹೆಚ್ಚು ಬೇಕು. ಬೆಲೆ ಏರುವುದು ಇಲ್ಲಿ. ಸಿಂಥೆಟಿಕ್ ಇನ್ನೂ ಭಾರ, ಮಡಚಿದರೂ ದೊಡ್ಡ ಗಂಟು. ಆದರೆ ನೀರು ಬಿದ್ದಾಗ ಪುಕ್ಕ ಮುದ್ದೆಯಾಗಿ ಗಾಳಿ ಬಿಟ್ಟುಕೊಡುತ್ತದೆ, ಸಿಂಥೆಟಿಕ್ ನೂಲು ಅಷ್ಟು ಬೇಗ ಸೋಲುವುದಿಲ್ಲ. ಒದ್ದೆಯಾದರೂ ಬೆಚ್ಚಗಿಡುವ ವಸ್ತು ನಮಗೇನು ಹೊಸದಲ್ಲ. ಮಲೆನಾಡಿನವರು ಜಡಿಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗಿಳಿಯುತ್ತಿದ್ದದ್ದು ಅದಕ್ಕೇ.

ನೀರು ಮಳೆಯಿಂದಲೇ ಬರಬೇಕಾಗಿಲ್ಲ. ಮಲಗಿದವನ ಮೈಯಿಂದಲೇ ಆವಿ ಹೊರಡುತ್ತದೆ. ಹೊರಗೆ ತುಂಬಾ ಚಳಿಯಿದ್ದಾಗ ಅದು ಚೀಲದ ಹೊರಪದರ ದಾಟುವ ಮೊದಲೇ ನೀರಾಗಿ, ಹಿಮವಾಗಿ ಪುಕ್ಕದಲ್ಲೇ ಕೂರುತ್ತದೆ. 1911ರಲ್ಲಿ ಅಂಟಾರ್ಕ್ಟಿಕಾದ ನಡುಚಳಿಗಾಲದಲ್ಲಿ ಎಡ್ವರ್ಡ್ ವಿಲ್ಸನ್, ಹೆನ್ರಿ ಬವರ್ಸ್, ಆಪ್ಸ್ಲಿ ಚೆರಿ-ಗರಾರ್ಡ್ ಎಂಬ ಮೂವರು ಎಂಪರರ್ ಪೆಂಗ್ವಿನ್ ಮೊಟ್ಟೆ ತರಲು ಐದು ವಾರ ನಡೆದರು. ಹೊರಡುವಾಗ ಚೆರಿ-ಗರಾರ್ಡರ ಚೀಲ ಸುಮಾರು 8 ಕಿಲೋ ಇತ್ತು. ವಾಪಸ್ ಬಂದಾಗ 20 ಕಿಲೋ. ಹೆಚ್ಚಿದ್ದೆಲ್ಲ ಹೆಪ್ಪುಗಟ್ಟಿದ ತೇವ. ಐದಾರು ದಿನದ ಬೇಟೆಯಲ್ಲಿ ಇಷ್ಟಾಗುವುದಿಲ್ಲ ನಿಜ, ಆದರೆ ಮೊದಲ ರಾತ್ರಿಯ ಚೀಲ ಐದನೇ ರಾತ್ರಿ ಅದೇ ಚೀಲವಾಗಿ ಉಳಿದಿರುವುದಿಲ್ಲ. ಹಾಗಾಗಿ ಬಿಸಿಲು ಬಂದಾಗ ಹತ್ತು ನಿಮಿಷವಾದರೂ ಚೀಲವನ್ನು ಬಂಡೆಯ ಮೇಲೆ ಹರವಬೇಕು. ಮೂತಿ ಒಳಗೆ ಹುದುಗಿಸಿ ಉಸಿರಾಡಬಾರದು, ಕೊರಳಪಟ್ಟಿ ಬಿಗಿದು ಮೂಗು ಹೊರಗಿಡಬೇಕು. ಒದ್ದೆ ಬಟ್ಟೆಯನ್ನು ರಾತ್ರಿ ಚೀಲದೊಳಗೆ ಒಣಗಿಸುವ ಉಪಾಯ ಬೇಟೆಗಾರರಲ್ಲಿದೆ. ಸಾಕ್ಸ್‌ಗೆ ಸರಿ, ಜಾಕೆಟ್ಟಿಗೆ ಬೇಡ. ಅದನ್ನು ಒಣಗಿಸುವ ಶಾಖವೂ ಅದೇ 70 ವ್ಯಾಟ್‌ನಿಂದಲೇ ಬರಬೇಕಲ್ಲ.

ಆಕಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಲಿನ ಕಡೆ ಕಿರಿದಾಗುವ, ತಲೆಗೆ ಟೊಪ್ಪಿ ಇರುವ ಮಮ್ಮಿ ಚೀಲವೇ ಚಳಿಗೆ ಸರಿ. ಸಡಿಲವಾದರೆ ಒಳಗೆ ಗಾಳಿ ಸುತ್ತುತ್ತದೆ. ದಪ್ಪ ಜಾಕೆಟ್ ಹಾಕಿ ತುರುಕಿಕೊಂಡರೆ ಪುಕ್ಕ ಒತ್ತಿ ದಪ್ಪ ಕಳೆಯುತ್ತದೆ. ಜಿಪ್ ಹಿಂದೆ ಪುಕ್ಕ ತುಂಬಿದ ಕೊಳವೆಯಂಥ ಪಟ್ಟಿ ಇದೆಯಾ ನೋಡಿ.

ಕಡಿಮೆ ಖರ್ಚಿನ ಸಹಾಯವೂ ಉಂಟು. ಒಂದು ಲೀಟರ್ ಬಿಸಿನೀರು 90 ಡಿಗ್ರಿಯಿಂದ 35ಕ್ಕೆ ಇಳಿಯುವಾಗ ಸುಮಾರು 230 ಕಿಲೋಜೌಲ್ ಕೊಡುತ್ತದೆ. ಎಂಟು ಗಂಟೆಗೆ ಹಂಚಿದರೆ 8 ವ್ಯಾಟ್. ನಮ್ಮ 55ರ ಲೆಕ್ಕದಲ್ಲಿ ಇದು ಐದಾರು ಡಿಗ್ರಿ ಚಳಿಗೆ ಸಮ. ಬಾಟಲಿ ಸೋರದ್ದಾಗಿರಲಿ, ಸಾಕ್ಸ್‌ನಲ್ಲಿ ಸುತ್ತಿರಲಿ. ಟೆಂಟನ್ನು ಕಣಿವೆಯ ತಳದಲ್ಲಿ ಹಾಕಬೇಡಿ. ರಾತ್ರಿ ತಣ್ಣನೆ ಗಾಳಿ ಭಾರವಾಗಿ ಕೆಳಗಿಳಿದು ಕೆರೆಯ ನೀರಿನಂತೆ ಅಲ್ಲೇ ನಿಲ್ಲುತ್ತದೆ. ಸ್ವಲ್ಪ ಮೇಲೆ, ಮರಗಳ ನೆರಳಿನಲ್ಲಿ ಸಮತಟ್ಟು ಜಾಗ ಸಿಕ್ಕರೆ ಅದೇ ಮೇಲು.

ನಮ್ಮಲ್ಲಿ ಹೆಚ್ಚಿನವರು ಚೀಲ ಕೊಳ್ಳುವುದಿಲ್ಲ, ಬಾಡಿಗೆಗೆ ತರುತ್ತೇವೆ. ಕೊಂಡವರು ಅದನ್ನು ಸಣ್ಣ ಕವರಿನಲ್ಲಿ ತುರುಕಿ ವರ್ಷವಿಡೀ ಹಾಸ್ಟೆಲ್ ಮಂಚದ ಕೆಳಗೆ ಇಡಬೇಡಿ, ಪುಕ್ಕ ಮತ್ತೆ ಪೂರ್ತಿ ಏಳುವುದಿಲ್ಲ. ಮಂಗಳೂರು, ಸುರತ್ಕಲ್ ಕಡೆಯವರಿಗೆ ಮಳೆಗಾಲದಲ್ಲಿ ಬೂಷ್ಟಿನ ಕಾಟ ಬೇರೆ. ಬಾಡಿಗೆ ಚೀಲಗಳು ನೂರಾರು ಸಲ ಮಡಚಿ, ಬೆವರು ಕುಡಿದು ಬಂದಿರುತ್ತವೆ. ಅವುಗಳ ಮೇಲಿನ ನಂಬರ್ ಹೊಸದಾಗಿದ್ದಾಗಿನದ್ದು. ಕೇದಾರಕಂಠದ ಬುಡದ ಸಾಂಕ್ರಿಯಲ್ಲೋ ಬೆಂಗಳೂರಿನಲ್ಲೋ ಚೀಲ ಕೈಗೆ ಸಿಕ್ಕ ಕೂಡಲೇ ಬಿಡಿಸಿ ಕೊಡವಿ, ಅರ್ಧ ಗಂಟೆ ಬಿಡಿ. ಆಮೇಲೆ ಬೆಳಕಿಗೆ ಹಿಡಿದು ಪುಕ್ಕ ಒಂದೇ ಮೂಲೆಗೆ ಸರಿದಿದೆಯಾ ನೋಡಿ. ನೆಲದ ಮೇಲೆ ಹಾಸಿ, ಡ್ರಾಯಿಂಗ್ ಕ್ಲಾಸಿನ ಸ್ಕೇಲ್ ಇಟ್ಟು ನೆಲದಿಂದ ಎತ್ತರ ಅಳೆಯಿರಿ. ಎರಡು ಪದರ ಸೇರಿ ಹತ್ತು ಹನ್ನೊಂದು ಸೆಂಟಿಮೀಟರ್ ಇದ್ದರೆ ಮೈನಸ್ 7ಕ್ಕೆ ನಂಬಬಹುದು. ಆರು ಸೆಂಟಿಮೀಟರ್ ಬಂದರೆ, ಮೇಲೆ ಏನೇ ಬರೆದಿರಲಿ, ಬೇರೆ ಚೀಲ ಕೊಡಿ ಅಂತ ಕೇಳಿ.