ಬೀದಿಗಿಳಿದ ಮರಿ ಕರೆ ಕೇಳದಿದ್ದರೆ

ಮನೆಯೊಳಗೆ ‘ಬಾ’ ಎಂದರೆ ಓಡಿಬರುವ 4 ತಿಂಗಳ ನಾಯಿಮರಿ, ಗೇಟು ದಾಟಿದೊಡನೆ ತಿರುಗಿಯೂ ನೋಡುವುದಿಲ್ಲ. ಅದು ಹಟವಲ್ಲ. ಬೀದಿಯ ವಾಸನೆ, ಸದ್ದು, ಮರವೇರುವ ಅಳಿಲು ಎಲ್ಲವೂ ಅದಕ್ಕೆ ಹೊಸದು. ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿಯಂತೂ ಬೇಟೆಯನ್ನು ಕಣ್ಣಿಂದಲೇ ಗುರುತಿಸಿ ಬೆನ್ನಟ್ಟುವಂಥದ್ದು. ಏನು ಅಲುಗಾಡಿದರೂ ಮರಿಯ ಗಮನ ಅತ್ತಲೇ.

ಹತ್ತು ಸಲ ಕೂಗಬೇಡಿ. ಕರೆಗೆ ಓಗೊಡದಿದ್ದರೂ ನಡೆಯುತ್ತದೆ ಎಂದು ಮರಿ ಕಲಿತುಬಿಡುತ್ತದೆ.

ಕರೆದರೆ ಬರುವುದನ್ನು ಹಂತಹಂತವಾಗಿ ಕಲಿಸಿ: ಮೊದಲು ಕೋಣೆ, ಆಮೇಲೆ ಅಂಗಳ, ಕೊನೆಗೆ ಬೀದಿ. ಒಂದು ಪಾಠಕ್ಕೆ 5 ನಿಮಿಷ ಸಾಕು. ಹೊರಗೆ ಉದ್ದನೆಯ ಹಗ್ಗ ಕಟ್ಟಿರಲಿ. ಬಂದೊಡನೆ ಬೇಯಿಸಿದ ಕೋಳಿಮಾಂಸದ ಕಡಲೆಕಾಳಿನಷ್ಟು ಚೂರು ಕೊಡಿ. ತಡವಾಗಿ ಬಂದರೂ ಗದರಬೇಡಿ; ಬಂದದ್ದಕ್ಕೇ ಬೈಗುಳ ಎಂದುಕೊಂಡೀತು. ಅಳಿಲಿನಿಂದ ಕಣ್ಣು ಕೀಳದಿದ್ದರೆ, ಹತ್ತು ಹೆಜ್ಜೆ ಹಿಂದೆ ಸರಿದು ಮತ್ತೊಮ್ಮೆ ಮೆಲ್ಲಗೆ ಕರೆಯಿರಿ.