ಯಾವ ಗಿಡಕ್ಕೆ ಎಷ್ಟು ದಿನಕ್ಕೊಮ್ಮೆ ನೀರು?



ಬೇಸಿಗೆ ಬಂತೆಂದರೆ ನಮ್ಮೆಲ್ಲರದೂ ಒಂದೇ ಪ್ರಶ್ನೆ: ನೀರು ಎಷ್ಟು ದಿನಕ್ಕೊಮ್ಮೆ? ಮಲೆನಾಡಿನ ನೆಂಟರ ಲೆಕ್ಕವನ್ನೇ ಯಳವತ್ತಿಯ ಹೊಲಕ್ಕೂ ಹಚ್ಚಿದರೆ ಕೆಲಸ ಕೆಡುತ್ತದೆ. ಗದಗ ಜಿಲ್ಲೆಯ ಮಳೆ ವರ್ಷಕ್ಕೆ 600 ಮಿ.ಮೀ. ಆಸುಪಾಸು. ಮಲೆನಾಡಿನ ಅನೇಕ ಕಡೆ ಅದರ ಮೂರು-ನಾಲ್ಕು ಪಟ್ಟು ಬೀಳುತ್ತದೆ. ಆದ್ದರಿಂದ ಗಿಡ, ಮಣ್ಣು, ತಿಂಗಳು ಈ ಮೂರನ್ನೂ ಕೂಡಿಸಿ ನೋಡಬೇಕು.

ಮೊದಲು ಕಾಫಿ. ಇದಕ್ಕೆ ಪದೇ ಪದೇ ನೀರು ಬೇಕಿಲ್ಲ, ಹೊತ್ತಿಗೆ ಸರಿಯಾಗಿ ಬೇಕು. ಮೊಗ್ಗು ಬಲಿಯಲು ಕೆಲವು ವಾರದ ಒಣಹವೆ ಅಗತ್ಯ. ರೊಬಸ್ಟಾಕ್ಕೆ ಫೆಬ್ರವರಿ-ಮಾರ್ಚಿನಲ್ಲಿ ಹೂಮಳೆ ಬರದಿದ್ದರೆ ತುಂತುರು ನೀರಾವರಿಯಿಂದ ಒಂದರಿಂದ ಒಂದೂವರೆ ಇಂಚು ನೀರು ಕೊಡುತ್ತೇವೆ. ಸುಮಾರು 8-10 ದಿನಕ್ಕೆ ಹೂ ಅರಳುತ್ತದೆ. ಮತ್ತೆ 15-20 ದಿನ ಬಿಟ್ಟು ಇನ್ನೊಂದು ಸಲ ಕೊಟ್ಟರೆ ಕಾಯಿ ನಿಲ್ಲುತ್ತದೆ. ಅರೆಬರೆ ನೀರು ಕೊಟ್ಟರೆ ಮೊಗ್ಗು ಕೆಡುತ್ತದೆ.

ಅಡಿಕೆಯ ರೀತಿ ಬೇರೆ. ಅದರ ಬೇರು ಹೆಚ್ಚಾಗಿ ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇರುವುದರಿಂದ ಒಣಗನ್ನು ತಾಳುವುದಿಲ್ಲ. ಫಸಲು ಕೊಡುವ ಮರಕ್ಕೆ ಪಾತಿಯಲ್ಲಿ ಒಂದು ಸಲಕ್ಕೆ ಸುಮಾರು 175 ಲೀಟರಿನಂತೆ ಕೊಡುವ ಕ್ರಮ ಹೀಗಿದೆ:

ನವೆಂಬರ್-ಡಿಸೆಂಬರ್: 7-8 ದಿನಕ್ಕೊಮ್ಮೆ.
ಜನವರಿ-ಫೆಬ್ರವರಿ: 6 ದಿನಕ್ಕೊಮ್ಮೆ.
ಮಾರ್ಚ್‌ನಿಂದ ಮೇ: 3-5 ದಿನಕ್ಕೊಮ್ಮೆ.
ಹನಿ ನೀರಾವರಿಯಾದರೆ ಮರಕ್ಕೆ ದಿನಕ್ಕೆ 16-20 ಲೀಟರ್.

ಎಳೆಯ ಸಸಿಗೆ ಪ್ರಮಾಣ ಕಡಿಮೆ ಸಾಕು, ಆದರೆ ಅಂತರ ಹೆಚ್ಚಾಗಬಾರದು. ಪಡುವಣ ಬಿಸಿಲಿಗೆ ಮರೆಯೂ ಬೇಕು.

ಇನ್ನು ಮಣ್ಣು. ನಮ್ಮ ಶಿರಹಟ್ಟಿ-ಲಕ್ಷ್ಮೇಶ್ವರ ಭಾಗದಲ್ಲಿ ಎರೆಯೂ ಇದೆ, ಮಸಾರಿಯೂ ಇದೆ. ಮಸಾರಿ ನೀರನ್ನು ಬೇಗ ಬಿಟ್ಟುಕೊಡುತ್ತದೆ. ಅಲ್ಲಿ ಸ್ವಲ್ಪ ಸ್ವಲ್ಪವಾಗಿ, ಬೇಗ ಬೇಗ ಕೊಡಬೇಕು. ಎರೆ ನೀರನ್ನು ಹಿಡಿದಿಡುತ್ತದೆ. ಅಲ್ಲಿ ಮೂರು ದಿನಕ್ಕೊಮ್ಮೆ ಪಾತಿ ತುಂಬಿದರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ, ಎಲೆ ಹಳದಿಯಾಗುತ್ತದೆ. ಅದನ್ನು ಕಂಡು ನೀರು ಸಾಲದೆಂದು ಇನ್ನಷ್ಟು ಬಿಡುವುದು ದೊಡ್ಡ ತಪ್ಪು. ಎರೆಯಲ್ಲಿ ಬಸಿಗಾಲುವೆ ಇಲ್ಲದೆ ಅಡಿಕೆ ಹಾಕಲೇಬಾರದು. ಪರೀಕ್ಷೆ ಸುಲಭ: ಪಾತಿಯಲ್ಲಿ ಒಂದು ಗೇಣು ಆಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಚುಕಿ. ಉಂಡೆ ನಿಂತರೆ ಇನ್ನೂ ತಾಳಿ. ಉದುರಿದರೆ ನೀರು ಬಿಡಿ.

ಈಗ ಮುಖ್ಯ ಲೆಕ್ಕ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 550 ಅಡಿಕೆ ಮರ. ಪಾತಿಗೆ ಒಂದು ಸಲ ಬಿಟ್ಟರೆ 96,000 ಲೀಟರ್ ದಾಟುತ್ತದೆ. ಎಕರೆ ಕಾಫಿಗೆ ಒಂದು ಇಂಚು ಕೊಡಲು ಬೇಕಾಗುವುದೂ ಹೆಚ್ಚುಕಡಿಮೆ ಅಷ್ಟೇ, ಸುಮಾರು 1 ಲಕ್ಷ ಲೀಟರ್. ಆದರೆ ಕಾಫಿಗೆ ಅದು ಬೇಸಿಗೆಯಲ್ಲಿ ಎರಡು-ಮೂರು ಸಲದ ಖರ್ಚು. ಅಡಿಕೆಗೆ ನಾಲ್ಕು ದಿನಕ್ಕೊಮ್ಮೆಯಂತೆ ಮಾರ್ಚ್‌ನಿಂದ ಮೇ ತನಕವೇ 23 ಸಲ! ಹನಿಯಲ್ಲಿ ಇದು ದಿನಕ್ಕೆ 11,000 ಲೀಟರಿಗೆ, ಅಂದರೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ.

ಆದ್ದರಿಂದ ಕೊಳವೆಬಾವಿ ನಂಬಿ ಅಡಿಕೆ ಹಾಕುವ ಯೋಚನೆಯಲ್ಲಿರುವವರು ಬಾವಿಯನ್ನು ಮಳೆಗಾಲದಲ್ಲಲ್ಲ, ಏಪ್ರಿಲ್-ಮೇ ತಿಂಗಳಲ್ಲಿ ಅಳೆಯಿರಿ. 200 ಲೀಟರಿನ ಡ್ರಮ್ಮು 4 ನಿಮಿಷಕ್ಕೆ ತುಂಬಿದರೆ ತಾಸಿಗೆ 3,000 ಲೀಟರ್. ನಾಲ್ಕು ತಾಸಿನೊಳಗೆ ಎಕರೆ ತೋಟಕ್ಕೆ ಹನಿ ಮುಗಿಯುತ್ತದೆ. 10 ನಿಮಿಷ ಹಿಡಿದರೆ 9 ತಾಸಿಗೂ ಮೀರುತ್ತದೆ. ಅಷ್ಟು ಹೊತ್ತು ತ್ರೀ ಫೇಸ್ ಕರೆಂಟಿನ ಖಾತ್ರಿ ಇಲ್ಲ. ಅಂಥವರು ಅರ್ಧ ಎಕರೆಗೇ ನಿಲ್ಲಿಸಿ, ಉಳಿದ ಹೊಲದಲ್ಲಿ ಜೋಳ, ಕಡಲೆ, ಶೇಂಗಾ ಬಿಡದೆ ಬೆಳೆಯುವುದೇ ಕ್ಷೇಮ. ಅಡಿಕೆ ಫಲಕ್ಕೆ ಬರಲು ಐದಾರು ವರ್ಷ ಬೇಕು. ಐದನೆಯ ಬೇಸಿಗೆಯಲ್ಲಿ ಬಾವಿ ಬತ್ತಿದರೆ ಹಾಕಿದ ದುಡ್ಡು, ದುಡಿಮೆ ಎರಡೂ ಮಣ್ಣುಪಾಲು.

ಇದ್ದ ತೋಟದವರು ಡಿಸೆಂಬರಿನಲ್ಲೇ ಬುಡಕ್ಕೆ ಸೋಗೆ, ಒಣ ಎಲೆ ಹೊದಿಸಿರಿ. ನೀರು ಬಿಡುವುದಾದರೆ ಬೆಳಗ್ಗೆ ಅಥವಾ ಸಂಜೆ ಬಿಡಿರಿ. ನೀರನ್ನು ಮೊದಲು ಎಣಿಸೋಣ, ಸಸಿಯನ್ನು ಆಮೇಲೆ ಎಣಿಸೋಣ.